ಮಗುಚಿದ ಹಿಮಬಂಡೆಯ ನೀಲಿ

ಎಡಗಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ಹಾಲು ಕಾಯಿಸೋಣವೆಂದು ಗ್ಯಾಸ್ ಹೊತ್ತಿಸಿದವಳು ಹಾಗೇ ನಿಂತುಬಿಟ್ಟೆ. ಒಲೆಯ ಉರಿ ನೀಲಿ. ನೀಲಿಯೆಂದರೆ ಎಂಥ ನೀಲಿ! ಇಷ್ಟು ವರ್ಷ ನಾನು ಅಡುಗೆ ಮಾಡಿದ್ದು ಯಾವ ಉರಿಯ ಮೇಲೆ ಎಂದು ಅನುಮಾನ ಬಂತು. ಎಡಗಣ್ಣು ಮುಚ್ಚಿ, ಇನ್ನೂ ಆಪರೇಷನ್ ಆಗದ ಬಲಗಣ್ಣಿನಲ್ಲಿ ನೋಡಿದೆ. ಉರಿ ಬೂದಿಬಣ್ಣಕ್ಕೆ ತಿರುಗಿತು, ಗೋಡೆಯ ಬಿಳಿ ಟೈಲ್ಸು ಹಳೇ ಪೇಪರಿನ ಹಾಗಾಯಿತು. ಮತ್ತೆ ಆ ಕಣ್ಣು ಮುಚ್ಚಿ ಈ ಕಣ್ಣಲ್ಲಿ ನೋಡಿದೆ. ಮೊಮ್ಮಕ್ಕಳಿರಬೇಕಾದ ವಯಸ್ಸಿನ ಹೆಂಗಸು ಒಲೆಗೆ ಕಣ್ಣು ಹೊಡೆಯುತ್ತಾ ನಿಂತಿರುವುದನ್ನು ಯಾರಾದರೂ ನೋಡಿದ್ದರೆ ಮೈಸೂರಿಗೆಲ್ಲ ಸುದ್ದಿ ಮಾಡುತ್ತಿದ್ದರು.

ಆ ಖುಷಿಯಲ್ಲೇ ನಡುಮನೆಗೆ ಬಂದೆ. ಅಲ್ಲಿ ಗೋಡೆಯ ಮೇಲೆ ನನ್ನ ಅಳಿಯ ಪ್ರಸನ್ನ ತೆಗೆದ ಹಿಮಬಂಡೆಯ ಫೋಟೋ ಇದೆ. ಎಡಗಣ್ಣಿನಲ್ಲಿ ಅದನ್ನು ನೋಡಿದೆ. ಸಮುದ್ರ ನೀಲಿ, ಬಂಡೆ ನೀಲಿ, ಬಂಡೆಯ ಮೇಲಿನ ಹಿಮ ನೀಲಿ, ಹಿಂದಿನ ಮೋಡ ಕೂಡ ನೀಲಿ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಸೀಸೆಯನ್ನೇ ಯಾರೋ ಚಿತ್ರದ ಮೇಲೆ ಬಗ್ಗಿಸಿಬಿಟ್ಟಂತಿತ್ತು. ಯಾರೋ ಅಲ್ಲ, ಬಗ್ಗಿಸಿದವಳು ನಾನೇ. ಕೊರೊನಾ ವರ್ಷದಲ್ಲಿ, ಐರ್ಲೆಂಡಿನ ಕಾರ್ಕ್ ಊರಿನ ಬಡಾವಣೆಯಾದ ಡಗ್ಲಸ್‌ನಲ್ಲಿ, ಕಣ್ಣು ಹೋಗುತ್ತಿದ್ದ ಅಳಿಯನ ಪಕ್ಕ ಕೂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಹೇಳಿ ಹೇಳಿ ಆ ಬಣ್ಣ ಹಾಕಿಸಿದ್ದೆ.

ಪೊರೆ ಬಂದ ಕಣ್ಣು ಮಬ್ಬಾಗುವುದಷ್ಟೇ ಅಲ್ಲ, ಒಳಗೇ ಹಳದಿಗಟ್ಟುತ್ತದಂತೆ, ನೀಲಿಯನ್ನು ನುಂಗಿಹಾಕುತ್ತದಂತೆ. ನಿಧಾನವಾಗಿ ಬರುವುದರಿಂದ ಕಣ್ಣಿನ ಯಜಮಾನರಿಗೇ ತಿಳಿಯುವುದಿಲ್ಲ ಎಂದು ಇಲ್ಲಿನ ಡಾಕ್ಟರು ನಗುತ್ತಾ ಹೇಳಿದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡೇ ಆಯುಷ್ಯ ಕಳೆದವಳು. 'ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಅದೆಷ್ಟು ಮಕ್ಕಳ ಪ್ರಾಣ ತಿಂದಿದ್ದೇನೋ. ನನ್ನ ಕಣ್ಣಿನ ಬಗ್ಗೆ ಯೋಚಿಸಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ನಾನು ಮಗಳು ವೀಣಾಳ ಮನೆಗೆ ಹೋದದ್ದು ಬೇಸಿಗೆ ಮುಗಿಯುವುದರೊಳಗೆ ವಾಪಸು ಬರುವ ಲೆಕ್ಕದಲ್ಲಿ. ವೀಣಾ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಪ್ರಸನ್ನ ಸಾಫ್ಟ್‌ವೇರಿನವರು, ಚಿಕ್ಕಬಳ್ಳಾಪುರದ ಕಡೆಯವರು, ಮಾತು ಕಡಿಮೆ. ಮೂವತ್ತಕ್ಕೇ ಸಕ್ಕರೆ ಕಾಯಿಲೆ ಹಿಡಿದಿತ್ತು. ಅದು ಕಣ್ಣಿನ ಹಿಂದಿನ ಪರದೆಗೆ ಹತ್ತಿದೆ, ಕಣ್ಣಿಗೆ ಇಂಜೆಕ್ಷನ್ ತಗೊಳ್ಳುತ್ತಲೇ ಇರಬೇಕು ಎಂದು ನಾನು ಹೋಗುವ ಹಿಂದಿನ ವರ್ಷವೇ ಅವರಿಗೆ ಹೇಳಿದ್ದರು. ಕೇಳಿಸಿಕೊಂಡು ಬಂದವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗ್ರೀನ್‌ಲ್ಯಾಂಡಿನ ಕಡೆ ಹೋಗುವ ಒಂದು ಸಣ್ಣ ಹಡಗು ಹತ್ತಿದ್ದರು. "ಐಸ್ ನೋಡೋಕೆ ಅಷ್ಟು ದೂರ ಯಾಕ್ರೀ, ಫ್ರಿಜ್ ಬಾಗಿಲು ತೆಗೆದ್ರೆ ಸಾಲದಾ?" ಎಂದು ನಾನು ಫೋನಿನಲ್ಲಿ ರೇಗಿಸಿದ್ದೆ. "ಕಣ್ಣಿರೋವಾಗ್ಲೇ ನೋಡ್ಬಿಡೋಣ ಅಂತ ಅತ್ತೆ" ಎಂದಿದ್ದರು. ಆಮೇಲೆ ನಾನು ಆ ವಿಷಯದಲ್ಲಿ ತಮಾಷೆ ಮಾಡಲಿಲ್ಲ.

ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ವಿಮಾನ ನಿಂತಿತು, ನನ್ನ ವೀಸಾ ತಾನಾಗಿಯೇ ಬೆಳೆಯಿತು, ಪ್ರಸನ್ನ ಮನೆಯಿಂದಲೇ ಕೆಲಸ ಮಾಡತೊಡಗಿದರು. ವೀಣಾಳನ್ನು ಕೋವಿಡ್ ವಾರ್ಡಿಗೆ ಹಾಕಿದರು. ನಮಗೆಲ್ಲಿ ಅಂಟುತ್ತದೋ ಎಂದು ಅವಳು ಮಹಡಿಯ ಕೋಣೆ ಸೇರಿದಳು. ಊಟದ ತಟ್ಟೆಯನ್ನು ನಾನು ಮೆಟ್ಟಿಲ ಮೇಲಿಟ್ಟು ಕೆಳಗೆ ಬಂದ ಮೇಲೆ ಅವಳು ಬಾಗಿಲು ತೆರೆಯುತ್ತಿದ್ದಳು. ಮೆಟ್ಟಿಲ ಬುಡದಲ್ಲಿ ನಾನು, ತುದಿಯಲ್ಲಿ ಅವಳು, ಮಾಸ್ಕಿನ ಗೆರೆ ಕೆನ್ನೆಯ ಮೇಲೆ ಕೂತುಬಿಟ್ಟಿರುತ್ತಿತ್ತು. "ಹೇಗಿದೀಯೇ?" ಎಂದರೆ "ಗ್ರ್ಯಾಂಡ್ ಅಮ್ಮ" ಎನ್ನುವಳು. ಆ ದೇಶದಲ್ಲಿ ಸುಖವಾಗಿದ್ದರೂ ಗ್ರ್ಯಾಂಡ್, ಸತ್ತು ಸುಣ್ಣವಾಗಿದ್ದರೂ ಗ್ರ್ಯಾಂಡ್.

ಅದೇ ಮಾರ್ಚಿನಲ್ಲಿ ಪ್ರಸನ್ನರ ಕಣ್ಣಿನ ಇಂಜೆಕ್ಷನ್ನನ್ನೂ ಮುಂದಕ್ಕೆ ಹಾಕಿದರು. ತುರ್ತಿನದಷ್ಟೇ ಈಗ, ಉಳಿದದ್ದು ಆಮೇಲೆ ಎಂದು ಫೋನ್ ಬಂತು. ವೀಣಾ ಮಹಡಿಯಿಂದಲೇ ಕೂಗಾಡಿದಳು, ಯಾರು ಯಾರಿಗೋ ಫೋನ್ ಮಾಡಿದಳು. ಪ್ರಸನ್ನರೇ ಅವಳನ್ನು ಸುಮ್ಮನಾಗಿಸಿದರು. "ನೀನೇ ದಿನಾ ಬಂದು ಹೇಳ್ತೀಯಲ್ಲ, ಅಲ್ಲಿ ಜನ ಉಸಿರಿಗೆ ಒದ್ದಾಡ್ತಿದಾರೆ. ನನ್ನದೇನು, ಒಂದು ತಿಂಗಳು ಹೆಚ್ಚುಕಮ್ಮಿ." ಒಂದು ತಿಂಗಳು ಎರಡಾಗುತ್ತ ಬಂತು. ಯಾರನ್ನು ಬೈಯುವುದು? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಸಲ ವಸಂತ ಅಲ್ಲಿಗೆ ಅಪರೂಪವೆನ್ನುವಷ್ಟು ಬಿಸಿಲು ತಂದಿತ್ತು. ಮಳೆ ಮರೆತೇಹೋದ ಹಾಗಿತ್ತು. ಮನೆಯಿಂದ ಎರಡು ಕಿಲೋಮೀಟರು ದಾಟುವಂತಿಲ್ಲ ಎಂದು ಕಾನೂನು. ಪಕ್ಕದ ಮನೆಯ ಮೌರೀನ್ ಎಂಬ ಮುದುಕಿ ಬೇಲಿಯಾಚೆ ಕುರ್ಚಿ ಹಾಕಿಕೊಂಡು ಮುಖಕ್ಕೆ ಬಿಸಿಲು ಕಾಯಿಸುತ್ತಿದ್ದಳು. ಅಂಥದೊಂದು ಬೆಳಿಗ್ಗೆ ಪ್ರಸನ್ನ ಕಾಫಿ ಲೋಟ ಹಿಡಿದು ಕೇಳಿದರು: "ಅತ್ತೆ, ಕಿಟಕಿ ಗಾಜಿನ ಮೇಲೆ ಇರುವೆ ಸಾಲು ಹೋಗ್ತಿದೆಯಾ?"

ನಾನು ಎದ್ದು ಹೋಗಿ ನೋಡಿದೆ. ಗಾಜು ಸ್ವಚ್ಛವಾಗಿತ್ತು.

"ಇಲ್ಲ" ಎಂದೆ.

"ಹಾಗಾದ್ರೆ ಕಣ್ಣೊಳಗೇ" ಎಂದು ಲೋಟ ಕೆಳಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆ ಸಾಲು ನೀರಿನಲ್ಲಿ ಬಿದ್ದ ಶಾಯಿಯ ಹಾಗೆ ಹರಡಿತು. ಕಣ್ಣೊಳಗೆ ರಕ್ತ ಸೋರಿತ್ತಂತೆ. ಈಗ ಅದು ತುರ್ತಾಯಿತು, ಆಸ್ಪತ್ರೆಯವರು ಕರೆಸಿಕೊಂಡರು, ಲೇಸರ್ ಹಾಕಿದರು. ಎಡಗಣ್ಣು ಉಳಿಯಲಿಲ್ಲ. ಬಲಗಣ್ಣಿನ ನಡುವೆ ಒಂದು ಮಂಜು ಕೂತಿತು.

ಆಸ್ಪತ್ರೆಯಿಂದ ಬಂದು ಒಂದು ವಾರ ಅವರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೊಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು "ಅತ್ತೆ, ಒಂದು ಕೆಲಸಕ್ಕೆ ನಿಮ್ಮ ಕಣ್ಣು ಬೇಕಿತ್ತು" ಎಂದರು. ನಮ್ಮಲ್ಲಿ ಅತ್ತೆ ಅಳಿಯ ಅಂದರೆ ಒಂದು ಅಂತರ. ಅವರು ಸೋಫಾದಲ್ಲಿ ಕೂತಿದ್ದರೆ ನಾನು ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ. ಇಬ್ಬರಿಗೂ ನೀವು, ಬನ್ನಿ, ಹೋಗಿ. ಅಂದು ಮೊದಲ ಸಲ ಅವರ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತೆ.

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ತಂದದ್ದು ಸಾವಿರಗಟ್ಟಲೆ, ಅದರಲ್ಲಿ ಒಂದು. ಆವತ್ತು ನಸುಕಿನಲ್ಲಿ ರಬ್ಬರ್ ದೋಣಿಯಲ್ಲಿ ಹೋಗಿದ್ದರಂತೆ. ದೋಣಿಯವನು ಇಂಜಿನ್ ನಿಲ್ಲಿಸಿದ. ಸುತ್ತ ತೇಲುತ್ತಿದ್ದ ಐಸಿನ ಚೂರುಗಳಿಂದ ಅರಳು ಸಿಡಿದಂತೆ ಚಟಪಟ ಸದ್ದು. ಎದುರಿಗೆ ಮನೆಯಷ್ಟು ದೊಡ್ಡ ಹಿಮಬಂಡೆ ಆಗತಾನೇ ಮಗುಚಿಕೊಂಡು ತಳ ಮೇಲೆ ಮಾಡಿತ್ತು. "ನೀರಲ್ಲಿ ಮುಳುಗಿದ್ದ ಭಾಗ ಅತ್ತೆ. ಗಾಜಿನ ಥರ. ಅದರೊಳಗೆ ಒಂದು ನೀಲಿ. ಗಾಳಿ ಬಿಸಿಲು ತಾಕಿದ್ರೆ ಆ ನೀಲಿ ಇರಲ್ಲ, ಬೆಳ್ಳಗಾಗಿಬಿಡುತ್ತೆ. ನಾವು ನೋಡಿದ್ದು ಅಷ್ಟು ಹೊತ್ತು ಮಾತ್ರ." ಕ್ಯಾಮೆರಾದೊಳಗೆ ಬಂದಿರುವ ಚಿತ್ರ ಹಸಿ ಚಿತ್ರ, ಬಣ್ಣವಿಲ್ಲದೆ ಸಪ್ಪೆಯಾಗಿರುತ್ತದೆ. ಅದನ್ನು ಕೂತು ಹದ ಮಾಡಬೇಕು. ಆ ಹದದ ಕೆಲಸವನ್ನು ಅವರು ನಿಧಾನವಾಗಿ ಮಾಡೋಣವೆಂದು ಇಟ್ಟುಕೊಂಡಿದ್ದರು. "ಕಾಗದದ ಮೇಲೆ ಆ ನೀಲಿ ಬಂದ್ಬಿಟ್ರೆ ಸಾಕು. ಆಮೇಲೆ ಕಣ್ಣು ಹೋದ್ರೂ ಹೋಗ್ಲಿ."

ಅವರ ಕಣ್ಣಿನಿಂದ ಮೊದಲು ಹೋಗುತ್ತಿದ್ದದ್ದು ನೀಲಿಯೇ. ಆ ಕಾಯಿಲೆಯ ಗುಣವೇ ಹಾಗಂತೆ. ಕಪ್ಪು ಪ್ಯಾಂಟು ಯಾವುದು, ನೀಲಿ ಯಾವುದು ಎಂದು ನನ್ನನ್ನು ಕೇಳಿ ಹಾಕಿಕೊಳ್ಳುತ್ತಿದ್ದರು.

ಮೊದಲು ಚಿತ್ರದಲ್ಲಿದ್ದ ಧೂಳಿನ ಚುಕ್ಕೆಗಳನ್ನು ತೆಗೆಯುವ ಕೆಲಸ ಕೊಟ್ಟರು. ಕ್ಯಾಮೆರಾದೊಳಗೆ ಕೂತ ಧೂಳು ಆಕಾಶದಲ್ಲಿ ಸಣ್ಣ ಕಲೆಗಳಾಗಿ ಬಂದಿರುತ್ತದೆ. ಮೌಸ್ ಒತ್ತಿದರೆ ಮಾಯ. ಅಕ್ಕಿ ಆರಿಸುವುದು ನನಗೆ ಹೊಸದೇ? ಒಂದು ಮಧ್ಯಾಹ್ನದಲ್ಲಿ ಇಡೀ ಆಕಾಶವನ್ನು ಮೊರದಲ್ಲಿಟ್ಟು ಆರಿಸಿಬಿಟ್ಟೆ. ಇನ್ನೊಂದು ಚುಕ್ಕೆಯೂ ಉಳಿದಿಲ್ಲ ಎಂದು ನಾನು ಹೇಳಿದ್ದಕ್ಕೆ ಪ್ರಸನ್ನ ನಕ್ಕರು. "ಅತ್ತೆ, ಎರಡು ಹಕ್ಕೀನೂ ತೆಗೆದ್ಬಿಟ್ರಿ ಅನ್ಸುತ್ತೆ. ಬಂಡೆ ಎಡಗಡೆ ಎರಡು ಹಕ್ಕಿ ಇತ್ತು." ನಾನು ಕಲ್ಲೆಂದುಕೊಂಡು ಎಸೆದಿದ್ದೆ. ಮೂಲ ಫೈಲು ಹಾಗೇ ಇರುತ್ತದೆ, ಏನು ಮಾಡಿದರೂ ವಾಪಸು ಬರಬಹುದು ಎಂದು ಹೇಳಿ ಹಕ್ಕಿಗಳನ್ನು ಮತ್ತೆ ಕೂರಿಸಿದರು. ಆ ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಬೇರೆ ನೆನಪಿಲ್ಲ.

ಆಮೇಲೆ ಬಣ್ಣ. "ಯಾವ ನೀಲಿ ಹೇಳಿ, ನಾನು ನೋಡ್ತೀನಿ" ಎಂದೆ. ಅವರು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಯೋಚಿಸಿದರು. ಸೂಟ್‌ಕೇಸಿನಿಂದ ನನ್ನ ಸೀರೆಗಳನ್ನು ತಂದು ತೊಡೆಯ ಮೇಲೆ ಹರವಿ, ಆನಂದ ನೀಲಿಯೋ, ನವಿಲುಗತ್ತಿನದೋ, ಶಂಖಪುಷ್ಪದ್ದೋ ಎಂದು ನಾನು ಅಂಗಡಿಯವನ ಹಾಗೆ ಕೇಳುತ್ತಾ ಹೋದೆ. ಯಾವುದೂ ಅಲ್ಲ. ಕೊನೆಗೆ ಅವರೇ ಹೇಳಿದರು: "ನಮ್ಮ ಸೋದರಮಾವನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯೋಕೆ ಮೈಲುತುತ್ತ ಕರಗಿಸ್ತಿದ್ರಲ್ಲ ಅತ್ತೆ. ಸುಣ್ಣ ಹಾಕೋಕ್ ಮುಂಚೆ ಬಕೆಟ್‌ನಲ್ಲಿ ಇರೋ ನೀಲಿ. ಅದೇ."

ಮೈಲುತುತ್ತ ನನಗೂ ಗೊತ್ತು. ನಮ್ಮ ಸ್ಕೂಲಿನ ಪ್ರಯೋಗಶಾಲೆಯಲ್ಲಿ ಕಾಪರ್ ಸಲ್ಫೇಟ್ ಎಂಬ ಚೀಟಿ ಹಚ್ಚಿ ಸೀಸೆಗಟ್ಟಲೆ ಇಟ್ಟಿರುತ್ತಿದ್ದರು. ಅವರು ಕೀಬೋರ್ಡಿನ ಮೇಲೆ ಬೆರಳಿಟ್ಟು ಬಣ್ಣ ಏರಿಸುವರು, ನಾನು ಪರದೆ ನೋಡಿ ಹೇಳುವೆನು. "ಇನ್ನೂ ಬಂದಿಲ್ಲ. ಬೂದಿ ಬೂದಿ ಇದೆ. ಇನ್ನೂ ಸ್ವಲ್ಪ." ಅವರು ಏರಿಸುವರು. "ಇನ್ನೂ ಸ್ವಲ್ಪ." ಹೊರಗೆ ಅಷ್ಟು ಬಿಸಿಲಿದ್ದರೂ ನನಗೆ ಎಲ್ಲವೂ ಸಂಜೆಯ ಹಾಗೆ ಕಾಣುತ್ತಿತ್ತು. ಈ ದೇಶದ ಬೆಳಕೇ ಇಷ್ಟು ಎಂದುಕೊಂಡಿದ್ದೆ. ಎಷ್ಟೋ ದಿನ, ಊಟವಾದ ಮೇಲೆ ಒಂದೊಂದು ಗಂಟೆ, ನಮ್ಮದು ಇದೇ ಕೆಲಸ. ಬಂಡೆಯ ಅಂಚು, ಬಂಡೆಯ ಸೀಳು, ಬುಡದ ನೀರು, ಎಲ್ಲಕ್ಕೂ ಇನ್ನೂ ಸ್ವಲ್ಪ.

ಒಮ್ಮೆ ಅವರಿಗೇ ಅನುಮಾನ ಬಂತು. "ಇಷ್ಟೊಂದಾ ಅತ್ತೆ? ಕೆಳಗಡೆ ಅಂಕಿ ಎಷ್ಟಿದೆ ಓದಿ." ಓದಿದೆ. "ಜಾಸ್ತಿ ಆಯ್ತಲ್ಲ" ಎಂದರು.

"ಅಂಕಿಗೇನು ಗೊತ್ತು ಪ್ರಸನ್ನ? ಆಯುಷ್ಯವೆಲ್ಲ ಮಕ್ಕಳ ಕೈಮೇಲಿನ ಇಂಕು ನೋಡಿದೀನಿ. ನನಗೆ ನೀಲಿ ಗೊತ್ತಾಗಲ್ವಾ?"

"ಅದೂ ಸರೀನೇ. ಕ್ಯಾಮೆರಾದ ನೀಲಿ ನನಗೆ ಬೇಡ. ನಾನು ನೋಡಿದ್ದು ಬೇಕು. ನಿಮಗೆ ಮೈಲುತುತ್ತ ಕಂಡ ಕೂಡಲೇ ಹೇಳಿ, ನಿಲ್ಲಿಸೋಣ."

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಎನ್ನುತ್ತಾರೆ. ಯಾವ ಪುಣ್ಯಾತ್ಮ ಕಟ್ಟಿದ ಗಾದೆಯೋ. ಆ ಮನೆಯ ಆ ಕೋಣೆಯಲ್ಲಿ ಎರಡು ಜೊತೆ ಕಣ್ಣಿದ್ದವು. ಒಂದಕ್ಕೆ ತಾನು ಕಾಣುತ್ತಿಲ್ಲವೆಂದು ಗೊತ್ತಿತ್ತು. ಇನ್ನೊಂದಕ್ಕೆ ಅದೂ ಗೊತ್ತಿರಲಿಲ್ಲ. ಆಗಸ್ಟಿನ ಒಂದು ಸಂಜೆ ಸೀಳಿನೊಳಗೆ ನನಗೆ ಮೈಲುತುತ್ತ ಕಂಡಿತು. "ಬಂತು!" ಎಂದು ಕೂಗಿದೆ. ಪ್ರಸನ್ನ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಕತ್ತನ್ನು ಅತ್ತ ಇತ್ತ ಹೊರಳಿಸಿ, ಮಂಜಿನ ಪಕ್ಕದಿಂದ ಇಣುಕಿ ನೋಡಲು ಒದ್ದಾಡಿದರು. ಕಾಣಲಿಲ್ಲ. ಫೈಲು ಉಳಿಸಿ ಕಂಪ್ಯೂಟರು ಆರಿಸಿದರು. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಅಕ್ಟೋಬರಿನಲ್ಲಿ ಮತ್ತೆ ಲಾಕ್‌ಡೌನ್. ಆ ಹೊತ್ತಿಗೆ ಮಳೆ ತನ್ನ ಬಾಕಿಯನ್ನೆಲ್ಲ ತೀರಿಸಿಕೊಳ್ಳುತ್ತಿತ್ತು. ಬಲಗಣ್ಣಿನ ಪರದೆ ಎಳೆದುಕೊಳ್ಳತೊಡಗಿದೆ ಎಂದು ಆಪರೇಷನ್ ಇಟ್ಟರು. ಜೊತೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಡಾಕ್ಟರೇ ಆದ ವೀಣಾ ಕೂಡ ಹೊರಗೇ. ಪ್ರಸನ್ನ ಗೋಡೆ ತಡವಿಕೊಂಡು, ನರ್ಸೊಬ್ಬಳ ತೋಳು ಹಿಡಿದು ಒಳಗೆ ಹೋದರು. ನಾನೂ ವೀಣಾಳೂ ಕಾರಿನಲ್ಲಿ ಕೂತೆವು, ಅವಳು ಮುಂದೆ, ನಾನು ಹಿಂದೆ, ಮಧ್ಯೆ ಮಾಸ್ಕು, ಗಾಜು ಇಳಿಸಿದ್ದರಿಂದ ಒಳಗೆಲ್ಲ ಎರಚಲು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅವಳು ಅತ್ತಳು. "ದಿನಾ ಯಾರ್ ಯಾರನ್ನೋ ನೋಡಿದೆ ಅಮ್ಮ. ಮನೇಲಿದ್ದ ಒಬ್ಬರನ್ನ ನೋಡ್ಲಿಲ್ಲ." ಮುಟ್ಟಿ ಸಮಾಧಾನ ಮಾಡುವ ಹಾಗಿರಲಿಲ್ಲ. ಆದರೂ ಮುಟ್ಟಿದೆ. ಹೋದರೆ ಹೋಗಲಿ ಪ್ರಾಣ ಎನ್ನಿಸಿತು.

ಪಟ್ಟಿ ಬಿಚ್ಚಿದಾಗ ಬೆಳಕು ಎಲ್ಲಿದೆ, ಕತ್ತಲು ಎಲ್ಲಿದೆ ಎಂಬುದಷ್ಟೇ ಉಳಿದಿತ್ತು. ಇನ್ನು ಮಾಡುವುದೇನಿಲ್ಲ ಎಂದು ಅಲ್ಲಿನ ದೊಡ್ಡ ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿದರಂತೆ. ಮೊದಲೇ ಬಂದಿದ್ದರೆ ಎಂದು ಪ್ರಸನ್ನ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಪ್ರಿಂಟ್ ಬಂತು. ಉದ್ದನೆಯ ಕೊಳವೆಯಲ್ಲಿ ಸುತ್ತಿ ಕಳಿಸಿದ್ದರು. ಡೈನಿಂಗ್ ಟೇಬಲ್ ಒರೆಸಿ, ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಬಟ್ಟಲಿಟ್ಟು ಹರಡಿದೆ. ಪ್ರಸನ್ನ ಅಂಚು ಹಿಡಿದು ಅಂಗೈಯನ್ನು ಕಾಗದದ ಮೇಲೆ ಮೆಲ್ಲಗೆ ಆಡಿಸಿದರು. ಬಗ್ಗಿ ಮೂಸಿ ನೋಡಿದರು.

"ಸರಿಯಾಗಿ ಬಂದಿದೆಯಾ ಅತ್ತೆ?"

"ಮೈಲುತುತ್ತದ ಹಾಗೇ ಇದೆ" ಎಂದೆ. ನಾನು ಸುಳ್ಳು ಹೇಳಲಿಲ್ಲ, ನನಗೆ ಹಾಗೇ ಕಂಡಿತ್ತು. ವೀಣಾ ಮೆಟ್ಟಿಲಿಳಿದು ಬಂದು ನೋಡಿ, ಗಂಡನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಬೇಲಿಯಾಚೆಗಿದ್ದ ಮೌರೀನ್‌ಗೂ ಎತ್ತಿ ತೋರಿಸಿದೆ. ಅವಳು ತುಂಬ ಹೊತ್ತು ನೋಡಿ, ನನ್ನ ಮುಖವನ್ನೂ ನೋಡಿ, "ಗ್ರ್ಯಾಂಡ್" ಎಂದಳು. ಪ್ರಸನ್ನ ಅದನ್ನು ಕಿಟಕಿಯೊಳಗಿಂದ ಕೇಳಿಸಿಕೊಂಡರು. ಅವರ ಮುಖದಲ್ಲಿ ಆವತ್ತು ಬಂದ ನೆಮ್ಮದಿಯನ್ನು ನಾನು ಈ ನಾಲ್ಕೈದು ವರ್ಷ ದೇವರ ಪ್ರಸಾದದ ಹಾಗೆ ಕಾಪಾಡಿಕೊಂಡು ಬಂದಿದ್ದೆ. ಮಾರನೆಯ ವರ್ಷ ವಿಮಾನ ಸಿಕ್ಕಿ ಊರಿಗೆ ಹೊರಟಾಗ ಅದರ ಇನ್ನೊಂದು ಪ್ರತಿಯನ್ನು ನನಗೆ ಕೊಟ್ಟರು.

ಈಗ ಹೊಸ ಕಣ್ಣಿನಲ್ಲಿ ಅದನ್ನು ನೋಡಿದವಳು ಮೊದಲು ವೀಣಾಳಿಗೆ ಫೋನ್ ಮಾಡಿದೆ. "ಗೊತ್ತಿತ್ತಮ್ಮ" ಎಂದಳು. "ಪ್ರಿಂಟ್ ಬಿಚ್ಚಿದ ದಿನಾನೇ ಗೊತ್ತಾಯ್ತು. ಅವರ ಮುಖ ನೋಡಿ ಸುಮ್ನಾದೆ. ಈಗ ನೀನೂ ಸುಮ್ನಿರು." ಸುಮ್ಮನಿರುತ್ತೇನೆಂದು ಮಾತು ಕೊಟ್ಟೆ. ಆದರೆ ಭಾನುವಾರ ಫೋನಿನಲ್ಲಿ ಪ್ರಸನ್ನರೇ ಕೇಳಿಬಿಟ್ಟರು.

"ಹೊಸ ಕಣ್ಣು ಹೇಗಿದೆ ಅತ್ತೆ?"

"ಚೆನ್ನಾಗಿದೆ."

"ನಮ್ಮ ಫೋಟೋ ನೋಡಿದ್ರಾ?"

ಬೇರೆ ಯಾರಿಗಾದರೂ ಸುಳ್ಳು ಹೇಳಬಹುದಿತ್ತು. ನಾನು ಕಂಡದ್ದನ್ನೇ ತಾನು ಕಂಡದ್ದೆಂದು ನಂಬಿಕೊಂಡ ಮನುಷ್ಯನಿಗೆ ಹೇಗೆ ಹೇಳಲಿ?

"ತುಂಬ ನೀಲಿ ಆಗಿದೆ ಪ್ರಸನ್ನ. ಹಿಮ ಕೂಡ ನೀಲಿ. ಆಗಲೇ ನನ್ನ ಕಣ್ಣಲ್ಲಿ ಪೊರೆ ಇತ್ತು, ನನಗೇ ಗೊತ್ತಾಗಲಿಲ್ಲ."

ಅತ್ತ ಕಡೆ ಕೆಟಲ್ಲಿನಲ್ಲಿ ನೀರು ಕುದಿಯುವ ಸದ್ದು. ಅದು ಕುದ್ದು ನಿಂತಿತು. ನಾನು ಗಡಿಬಿಡಿಯಲ್ಲಿ ಹೇಳಿದೆ: "ಮೂಲ ಫೈಲು ಹಾಗೇ ಇರುತ್ತೆ ಅಂತ ನೀವೇ ಹೇಳಿದ್ರಲ್ಲ? ಬಲಗಣ್ಣಿನದೂ ಮುಗಿಸ್ಕೊಂಡು ಬಂದ್ಬಿಡ್ತೀನಿ. ಮತ್ತೆ ಕೂತು ಮಾಡೋಣ. ನೀವು ಬಣ್ಣ ಹೇಳಿ, ಈ ಸಲ ನಾನು ಸರಿಯಾಗಿ ನೋಡ್ತೀನಿ."

"ಏನಂತ ಹೇಳ್ಲಿ ಅತ್ತೆ?" ದನಿ ಶಾಂತವಾಗಿತ್ತು. "ಹೋದ ವರ್ಷದವರೆಗೂ ನೆನೆಸ್ಕೊಂಡ್ರೆ ಬರ್ತಿತ್ತು. ಈಗ ಬಂಡೆ ಬರುತ್ತೆ, ದೋಣಿ ಬರುತ್ತೆ, ಬಣ್ಣ ಬರಲ್ಲ. ಮೈಲುತುತ್ತ ಅಂತ ಬಾಯಲ್ಲಿ ಹೇಳ್ತೀನಿ, ಬಕೆಟ್ಟು ಖಾಲಿ ಇರುತ್ತೆ. ವೀಣಾಗೆ ಹೇಳ್ಬೇಡಿ."

ಗೋಡೆಯ ಮೇಲಿನ ಫೋಟೋ ಕಡೆ ತಿರುಗಿದೆ. ಆ ನೀಲಿ ಆ ಕಾಗದದ ಮೇಲೂ ಇಲ್ಲ, ಅವರ ತಲೆಯೊಳಗೂ ಇಲ್ಲ. ಕಡಲಿನಲ್ಲಂತೂ ಆವತ್ತೇ ಬೆಳ್ಳಗಾಗಿಹೋಯಿತು.

"ಈಗ ನಿಮಗೆ ಚೆನ್ನಾಗಿ ಕಾಣುತ್ತಲ್ಲ" ಎಂದರು. "ನೀಲಿ ಹೇಗಿರುತ್ತೆ, ಹೇಳಿ ನೋಡೋಣ."

ಕಿಟಕಿಯ ಹತ್ತಿರ ಹೋಗಿ ನಿಂತು ಹೇಳತೊಡಗಿದೆ. ಮಳೆ ಬಂದು ಹೋದ ಮೇಲಿನ ಆಕಾಶದ ಹಾಗೆ ಎಂದೆ. ಅವರು ಹೂಂ ಎಂದರು. ಮುಟ್ಟಿದರೆ ತಣ್ಣಗಿರುವ ಸ್ಟೀಲಿನ ಹಾಗೆ ಎಂದೆ. ಹೂಂ ಎಂದರು. ಎಳೆಯ ಮಗುವಿನ ಕಣ್ಣಿನ ಬಿಳಿಯಲ್ಲಿ ಒಂದಿಷ್ಟಿರುತ್ತಲ್ಲ, ಹಾಗೆ ಎಂದೆ. ಅದಕ್ಕೂ ಹೂಂ. ಪಾಠ ತಲೆಗೆ ಹತ್ತದಿದ್ದರೂ ಟೀಚರಿಗೆ ಬೇಜಾರಾಗಬಾರದೆಂದು ಕೆಲವು ಒಳ್ಳೆಯ ಮಕ್ಕಳು ಹೀಗೇ ಹೂಂಗುಡುತ್ತಾರೆ. ಆ ಹೂಂ ನನಗೆ ಚೆನ್ನಾಗಿ ಗೊತ್ತು.